ಅಜ್ಜಿಯ ಕಾಸಿನ ಸರ, ಎರಡು ಅಂಕಿ ಮತ್ತು ಧಾತುಗಳ ಫೋಟೋ ತೆಗೆಯುವ ಕ್ಯಾಮೆರಾ

ಪ್ರಶ್ನೆ: ನಾವು ಮೂಲತಃ ಕುಂದಾಪುರದ ಕಡೆಯವರು. ಡೊಂಬಿವಿಲಿಗೆ ಬಂದು ಮೂವತ್ತು ವರ್ಷವಾಯಿತು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಕಾಸಿನ ಸರ ಒಂದಿದೆ. ದೊಡ್ಡ ಮಗಳ ಮದುವೆಗೆ ಮುಂಚೆ ಅದರ ಚಿನ್ನ ಎಷ್ಟು ಚೊಕ್ಕ ಇದೆ ನೋಡೋಣವೆಂದು ಝವೇರಿ ಬಜಾರಿನ ಅಂಗಡಿಯೊಂದಕ್ಕೆ ಒಯ್ದೆ. ಮಷಿನ್ನಿನಲ್ಲಿಟ್ಟು ನಿಮಿಷದೊಳಗೆ ಚೀಟಿ ಕೊಟ್ಟರು: ಚಿನ್ನ 91.3, ಬೆಳ್ಳಿ 4.6, ತಾಮ್ರ 4.1. ಸರವನ್ನು ಸ್ವಲ್ಪ ಸರಿಸಿ ಇನ್ನೊಮ್ಮೆ ನೋಡಿ ಎಂದೆ. ಆಗ ಚಿನ್ನ 86.8, ಬೆಳ್ಳಿ 4.0, ತಾಮ್ರ 5.1, ಕ್ಯಾಡ್ಮಿಯಂ 4.1 ಎಂದು ಬಂತು. ಅಂಗಡಿಯವರು ಎರಡನೆಯ ಅಂಕಿ ಹಿಡಿದು ಬೆಲೆ ಹೇಳಿದರು. ಯಾವುದು ಸರಿ? ಮಷಿನ್ನಿನ ಪರದೆಯಲ್ಲಿ ಸರದ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಹಾಗಿದ್ದ ಮೇಲೆ ಇಡೀ ಸರವನ್ನು ಒಟ್ಟಿಗೆ ಅಳೆಯಬಾರದೇಕೆ? ಪುಣೆಯಲ್ಲಿ ಭೌತಶಾಸ್ತ್ರ ಎಂಎಸ್ಸಿ ಓದುತ್ತಿರುವ ಚಿಕ್ಕವಳು, ಧಾತುಗಳ ಫೋಟೋವನ್ನೇ ತೆಗೆಯುವ ಎಕ್ಸ್‌ರೇ ಕ್ಯಾಮೆರಾ ಬಂದಿದೆ ಅನ್ನುತ್ತಾಳೆ. ನಿಜವೇ? ಆ ದಾರಿಯಲ್ಲಿ ಅವಳಿಗೆ ಕಲಿಯಲು ಏನಿದೆ?

ಉತ್ತರ: ಎರಡು ಅಂಕಿಯೂ ಸರಿ. ಎರಡನೆಯ ಅಂಕಿ ಹಿಡಿದು ಇಡೀ ಸರಕ್ಕೆ ಬೆಲೆ ಕಟ್ಟಿದ್ದು ಮಾತ್ರ ತಪ್ಪು. ಯಾಕೆಂದು ಹೇಳುತ್ತೇನೆ. ಹೇಳುತ್ತ ಹೋದರೆ ನಿಮ್ಮ ಮಗಳ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ, ಏಕೆಂದರೆ ಅಂಗಡಿಯಲ್ಲಿ ನೀವು ಕೇಳಿದ "ಇಡೀ ಸರವನ್ನು ಒಟ್ಟಿಗೆ ಯಾಕೆ ನೋಡಬಾರದು" ಅನ್ನುವ ಪ್ರಶ್ನೆಯನ್ನೇ ಈ ಕ್ಷೇತ್ರದವರು ಇಪ್ಪತ್ತು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ.

ಮೊದಲು ಆ ಪರದೆಯ ಚಿತ್ರದ ವಿಷಯ. ಅಂಗಡಿಯ ಮಷಿನ್ನಿನೊಳಗೆ ಇರುವುದು ಮೊಬೈಲಿನಲ್ಲಿರುವಂಥ ಸಾದಾ ಬೆಳಕಿನ ಕ್ಯಾಮೆರಾ. ಕಿರಣ ಎಲ್ಲಿ ಬೀಳುತ್ತಿದೆ ಎಂದು ಗುರಿ ಹಿಡಿಯಲು ಮಾತ್ರ ಅದು. ಚಿನ್ನ ಅಳೆಯುವುದು ಬೇರೆಯೇ ಒಂದು ಸಂವೇದಕ, ಅದಕ್ಕೆ ಕಣ್ಣಿಲ್ಲ. ಪರದೆಯ ಮೇಲೆ ಪ್ಲಸ್ ಗುರುತು ಇತ್ತಲ್ಲ, ಅಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಜಾಗದಿಂದ ಏನು ಬರುತ್ತದೋ ಅದನ್ನಷ್ಟೇ ಅದು ಎಣಿಸುತ್ತದೆ. ಸರದ ಉಳಿದ ಭಾಗ ಪರದೆಯಲ್ಲಿ ಕಂಡರೂ ಲೆಕ್ಕಕ್ಕೆ ಬರುವುದಿಲ್ಲ.

ಏನು ಬರುತ್ತದೆ? ಮಷಿನ್ ಬಿಟ್ಟ ಕ್ಷ-ಕಿರಣ ಪರಮಾಣುವಿಗೆ ಬಡಿದಾಗ ಒಳಗಿನ ಕಕ್ಷೆಯ ಎಲೆಕ್ಟ್ರಾನ್ ಒಂದು ಹೊರಕ್ಕೆ ಹಾರುತ್ತದೆ. ಖಾಲಿಯಾದ ಜಾಗಕ್ಕೆ ಮೇಲಿನ ಕಕ್ಷೆಯಿಂದ ಇನ್ನೊಂದು ಎಲೆಕ್ಟ್ರಾನ್ ಇಳಿಯುತ್ತದೆ, ಇಳಿಯುವಾಗ ಮಿಕ್ಕ ಶಕ್ತಿಯನ್ನು ಹೊಸ ಕ್ಷ-ಕಿರಣವಾಗಿ ಚೆಲ್ಲುತ್ತದೆ. ಈ ಚೆಲ್ಲುವಿಕೆಗೇ ಪ್ರತಿದೀಪ್ತಿ ಎನ್ನುತ್ತಾರೆ. ಎಷ್ಟು ಶಕ್ತಿ ಚೆಲ್ಲಬೇಕೆಂಬುದು ಪ್ರತಿ ಧಾತುವಿಗೂ ನಿಗದಿಯಾಗಿದೆ. ಆ ಅಂಕಿಗೆ ಧಾತುವಿನ ಗೆರೆ ಎನ್ನುತ್ತಾರೆ, ಒಂದು ಧಾತುವಿಗೆ ಒಂದಕ್ಕಿಂತ ಹೆಚ್ಚು ಗೆರೆ ಇರುತ್ತವೆ. ಕಬ್ಬಿಣ 6.40 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಮುಂದೆ ಕೆಇವಿ ಎನ್ನುತ್ತೇನೆ), ತಾಮ್ರ 8.05, ಸತು 8.64, ಚಿನ್ನ 9.71, ಬೆಳ್ಳಿ 22.16, ಕ್ಯಾಡ್ಮಿಯಂ 23.17. ಒಂದೇ ಕಕ್ಷೆಗೆ ಇಳಿಯುವಾಗಿನ ಅಂಕಿಗಳನ್ನು ಹೋಲಿಸಿದರೆ (ಚಿನ್ನದ ಅಂಕಿ ಬೇರೆ ಕಕ್ಷೆಯದು) ಅವು ಪರಮಾಣು ಸಂಖ್ಯೆಯ ಜೊತೆ ಅಚ್ಚುಕಟ್ಟಾಗಿ ಏರುತ್ತವೆ ಎಂದು 1913ರಲ್ಲಿ ತೋರಿಸಿದವರು ಹೆನ್ರಿ ಮೋಸ್ಲಿ. ಎರಡೇ ವರ್ಷದಲ್ಲಿ, 27ನೆಯ ವಯಸ್ಸಿಗೆ, ಅವರು ಗಲಿಪೊಲಿಯ ಯುದ್ಧಭೂಮಿಯಲ್ಲಿ ತೀರಿಕೊಂಡರು. ಅದನ್ನು ಓದಿದಾಗಲೆಲ್ಲ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ನಿಮ್ಮ ಎರಡು ಚೀಟಿ. ಕಾಸಿನ ಸರದಲ್ಲಿ ಕಾಸು ಒಂದು, ಅದರ ತಲೆಗೆ ಕೂರಿಸಿದ ಕೊಂಡಿ ಒಂದು, ಎರಡನ್ನೂ ಹಿಡಿದಿಟ್ಟ ಬೆಸುಗೆ ಒಂದು. ಮೊದಲ ಸಲ ಪ್ಲಸ್ ಗುರುತು ಕಾಸಿನ ಮುಖದ ಮೇಲೆ ಬಿದ್ದಿದೆ: 91.3 ಅಂದರೆ 22 ಕ್ಯಾರೆಟ್ಟಿನ ಹತ್ತಿರ ಹತ್ತಿರ. ಎರಡನೆಯ ಸಲ ಬೆಸುಗೆಯ ಮೇಲೆ, ಇಲ್ಲವೇ ಅರ್ಧ ಬೆಸುಗೆ ಅರ್ಧ ಕೊಂಡಿಯ ಮೇಲೆ ಬಿದ್ದಿದೆ. ಬೆಸುಗೆ ಸುತ್ತಲಿನ ಚಿನ್ನಕ್ಕಿಂತ ಬೇಗ ಕರಗಬೇಕು, ಇಲ್ಲದಿದ್ದರೆ ಕಾಸೇ ಕರಗಿಹೋಗುತ್ತದೆ. ಅದಕ್ಕಾಗಿ ಅದರಲ್ಲಿ ಬೇರೆ ಲೋಹ ಬೆರೆಸಲೇಬೇಕು. ಅದು ಮೋಸವಲ್ಲ, ಕಸುಬು.

ಆದರೆ ಆ ಕ್ಯಾಡ್ಮಿಯಂ ನನ್ನ ಗಮನ ಸೆಳೆಯಿತು. ಕ್ಯಾಡ್ಮಿಯಂ ಬೆರೆತ ಬೆಸುಗೆ, ಜನ ಕೆಡಿಎಂ ಎಂದು ಕರೆಯುವುದು, ನಮ್ಮ ಅಂಗಡಿಗಳಲ್ಲಿ ರೂಢಿಗೆ ಬಂದದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ನಿಮ್ಮ ಅಜ್ಜಿಯ ಕಾಲದ ಆಚಾರಿ ಹಾಕಿದ ಬೆಸುಗೆಯಲ್ಲಿ ಅದು ಇರುವ ಸಂಭವ ಕಡಿಮೆ. ಹಾಗಾದರೆ ಮಷಿನ್ ಎರಡನೆಯ ಸಲ ನೋಡಿದ ಆ ಕೊಂಡಿ ಯಾವಾಗಲೋ ಮುರಿದು, ಅಮ್ಮನ ಕಾಲದಲ್ಲೋ ನಿಮ್ಮ ಮದುವೆಯ ಹೊತ್ತಿಗೋ ರಿಪೇರಿಯಾಗಿದೆ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ, ನೆನಪಿದ್ದೀತು.

ಈಗ ಯೋಚಿಸಿ: ಇಡೀ ಸರದ ಮೇಲೆ ಕ್ಯಾಡ್ಮಿಯಂ ಎಲ್ಲೆಲ್ಲಿದೆ ಎಂಬ ನಕ್ಷೆ ನಿಮ್ಮ ಕೈಯಲ್ಲಿದ್ದರೆ? ಕಾಸುಗಳೆಲ್ಲ ಕಪ್ಪು, ಹಳೆಯ ಕೊಂಡಿಗಳೂ ಕಪ್ಪು, ನಂತರ ರಿಪೇರಿಯಾದ ನಾಲ್ಕೋ ಐದೋ ಕೊಂಡಿಗಳು ಮಾತ್ರ ಬೆಳಗುತ್ತವೆ. ಚೀಟಿಯ ಅಂಕಿ ಎಷ್ಟಿದೆ ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಸರದ ಚರಿತ್ರೆ ಇರುವುದು ಎಲ್ಲಿ ಎಂಬುದರಲ್ಲಿ. ಮೂವತ್ತು ವರ್ಷ ಈ ಕೆಲಸ ಮಾಡಿದ ನನಗೆ ಇದರಷ್ಟು ಚೆಂದದ ಉದಾಹರಣೆ ಹಿಂದೆ ಸಿಕ್ಕಿರಲಿಲ್ಲ.

ನಕ್ಷೆ ತೆಗೆಯುವ ಹಳೆಯ ದಾರಿ ಸರಳ. ಕಿರಣವನ್ನು ಸೂಜಿಮೊನೆಯಷ್ಟು ಸಣ್ಣದು ಮಾಡಿ ಒಂದೊಂದೇ ಚುಕ್ಕೆಯನ್ನು ಅಳೆದು ಮುಂದೆ ಸರಿಯುವುದು. ವ್ಯಾನ್ ಗೋ ಬರೆದ ಹುಲ್ಲಿನ ಚಿತ್ರವೊಂದನ್ನು 2008ರಲ್ಲಿ ಹ್ಯಾಂಬರ್ಗಿನ ಸಿಂಕ್ರೋಟ್ರಾನಿನಲ್ಲಿ (ಬಹಳ ಪ್ರಖರ ಕ್ಷ-ಕಿರಣ ಕೊಡುವ ದೊಡ್ಡ ಯಂತ್ರ) ಹೀಗೆಯೇ ಚುಕ್ಕೆ ಚುಕ್ಕೆಯಾಗಿ ನೋಡಿದರು. 17.5 ಸೆಂಟಿಮೀಟರ್ ಚೌಕಕ್ಕೆ ಎರಡು ದಿನ ಹಿಡಿಯಿತು. ಹುಲ್ಲಿನ ಬಣ್ಣದ ಕೆಳಗೆ, ಆಂಟಿಮನಿ ಮತ್ತು ಪಾದರಸದ ನಕ್ಷೆಗಳಲ್ಲಿ, ಕಲಾವಿದನೇ ಮುಚ್ಚಿಹಾಕಿದ್ದ ಹೆಂಗಸಿನ ಮುಖವೊಂದು ಎದ್ದು ಬಂತು. ಪಾದರಸ ಇಂಗುಲೀಕದ ಕೆಂಪಿನದು, ಅವಳ ತುಟಿಯ ಬಣ್ಣ. ಆಮ್‌ಸ್ಟರ್‌ಡ್ಯಾಮಿನಲ್ಲಿ 2019ರಿಂದ ರೆಂಬ್ರಾಂಟ್‌ನ ದೊಡ್ಡ ಪಹರೆಯ ಚಿತ್ರವನ್ನು ಇದೇ ಬಗೆಯಲ್ಲಿ ಸ್ಕ್ಯಾನ್ ಮಾಡಿದಾಗ ಚಿತ್ರವನ್ನು 56 ಭಾಗ ಮಾಡಿ, ಒಂದೊಂದು ಭಾಗಕ್ಕೂ ಸುಮಾರು ಒಂದು ದಿನ ಕೊಡಬೇಕಾಯಿತು. ಗೋಡೆಯ ಮೇಲೆ ತೂಗುಹಾಕಿದ ಚಿತ್ರಕ್ಕೆ ಅವಸರವಿಲ್ಲ, ಕಾಯಬಹುದು. ಆದರೆ ತುಕ್ಕು ಹಿಡಿಯುತ್ತಿರುವ ಲೋಹ, ನೀರು ಹೀರುತ್ತಿರುವ ಬೇರು, ಆಸಿಡ್ಡಿನಲ್ಲಿ ಕರಗುತ್ತಿರುವ ಅದಿರು ಕಾಯುವುದಿಲ್ಲ. ಕೊನೆಯ ಚುಕ್ಕೆಗೆ ಹೋಗುವಷ್ಟರಲ್ಲಿ ಮೊದಲ ಚುಕ್ಕೆ ಬದಲಾಗಿರುತ್ತದೆ. ಎಲ್ಲ ಚುಕ್ಕೆಗಳನ್ನೂ ಒಮ್ಮೆಗೇ ನೋಡುವ ಕ್ಯಾಮೆರಾ ಬೇಕಾದದ್ದು ಇದಕ್ಕೆ.

ಆಸ್ಪತ್ರೆಯ ಎಕ್ಸ್‌ರೇ ಫಲಕವೂ ಕ್ಯಾಮೆರಾ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅದಕ್ಕೆ ಬಣ್ಣ, ಅಂದರೆ ಬಿದ್ದ ಕಿರಣದ ಶಕ್ತಿ, ಗೊತ್ತಿಲ್ಲ. ದೇವಸ್ಥಾನದ ಹುಂಡಿ ನೆನಪಿಸಿಕೊಳ್ಳಿ. ತಿಂಗಳಿಗೊಮ್ಮೆ ತೆರೆದು ಒಟ್ಟು ತೂಗಿದರೆ ಎಷ್ಟು ಭಾರ ಬಿತ್ತು ಎಂದು ಗೊತ್ತಾಗುತ್ತದೆ, ಯಾವ ಯಾವ ನಾಣ್ಯ ಬಿತ್ತು ಎಂದು ಗೊತ್ತಾಗುವುದಿಲ್ಲ. ಆಸ್ಪತ್ರೆಯ ಫಲಕ ಮಾಡುವುದು ಅದನ್ನೇ. ನಾಣ್ಯ ಗುರುತಿಸಬೇಕಾದರೆ ಒಂದು ನಾಣ್ಯ ಬಿದ್ದ ಕೂಡಲೇ, ಎರಡನೆಯದು ಬೀಳುವ ಮೊದಲು, ಹುಂಡಿ ತೆರೆದು ತೂಗಿ ಮತ್ತೆ ಮುಚ್ಚಬೇಕು.

ಬಣ್ಣದ ಎಕ್ಸ್‌ರೇ ಕ್ಯಾಮೆರಾ ಅಕ್ಷರಶಃ ಇದನ್ನೇ ಮಾಡುತ್ತದೆ. ಸಿಲಿಕಾನ್ ಹಲಗೆಗೆ ಕ್ಷ-ಕಿರಣದ ಒಂದು ಫೋಟಾನ್ (ಕಿರಣದ ಒಂದು ಕಣ, ನಮ್ಮ ನಾಣ್ಯ) ಬಿದ್ದರೆ ಪ್ರತಿ 3.65 ಎಲೆಕ್ಟ್ರಾನ್ ವೋಲ್ಟ್ ಶಕ್ತಿಗೆ ಒಂದರಂತೆ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಕಬ್ಬಿಣದ ಫೋಟಾನ್ ಸುಮಾರು 1,750 ಎಲೆಕ್ಟ್ರಾನ್ ಕೊಡುತ್ತದೆ, ಚಿನ್ನದ್ದು ಸುಮಾರು 2,660. ಎಣಿಕೆ ನೋಡಿ ನಾಣ್ಯ ಹೇಳಬಹುದು. ಬರ್ಲಿನ್ ಮತ್ತು ಮ್ಯೂನಿಕ್‌ನವರು ಸೇರಿ ಮಾಡಿದ, 2011ರಲ್ಲಿ ವಿವರ ಪ್ರಕಟವಾದ ಕ್ಯಾಮೆರಾದಲ್ಲಿ ಇಂಥ ಹುಂಡಿಗಳು, ಅಂದರೆ ಪಿಕ್ಸೆಲ್ಲುಗಳು, 264 ಅಡ್ಡಕ್ಕೆ, 264 ಉದ್ದಕ್ಕೆ, ಒಟ್ಟು 69,696. ಒಂದೊಂದರ ಅಗಲ 48 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಇಡೀ ಹಲಗೆ ಒಂದೂಕಾಲು ಸೆಂಟಿಮೀಟರ್ ಚೌಕ. ಸೆಕೆಂಡಿಗೆ 400 ಸಲ ಎಲ್ಲವನ್ನೂ ತೆರೆದು ಮುಚ್ಚುತ್ತದೆ. ಈ ಹಲಗೆಯ ತಂತ್ರ ಹುಟ್ಟಿದ್ದು ಆಕಾಶ ನೋಡುವುದಕ್ಕೆ, 1999ರಲ್ಲಿ ಹಾರಿಸಿದ ಎಕ್ಸ್‌ಎಂಎಂ-ನ್ಯೂಟನ್ ಎಂಬ ಕ್ಷ-ಕಿರಣ ದೂರದರ್ಶಕಕ್ಕಾಗಿ. ನಕ್ಷತ್ರಕ್ಕೆ ಮಾಡಿದ ಕಣ್ಣು ಈಗ ನಾಣ್ಯ ನೋಡುತ್ತಿದೆ.

ಇಲ್ಲಿ ಒಂದು ಲೆಕ್ಕ ಹಾಕೋಣ, ಏಕೆಂದರೆ ಜಾಹೀರಾತಿನ ಚಿತ್ರಗಳಲ್ಲಿ ಇದು ಕಾಣುವುದಿಲ್ಲ. 69,696 ಹುಂಡಿ, ಸೆಕೆಂಡಿಗೆ 400 ಸಲ: ಸುಮಾರು 2.8 ಕೋಟಿ ಸಲ ತೆರೆದು ನೋಡಿದಂತೆ. ಇಷ್ಟರಲ್ಲಿ ನೂರಕ್ಕೆ ಒಂದೋ ಎರಡೋ ಹುಂಡಿಯಲ್ಲಿ ಮಾತ್ರ ನಾಣ್ಯ ಇರಬೇಕು. ಹೆಚ್ಚಾದರೆ ಎರಡು ನಾಣ್ಯ ಒಟ್ಟಿಗೆ ಬೀಳುತ್ತವೆ, ತೂಕ ಕೂಡಿ ಇಲ್ಲದ ನಾಣ್ಯ ಕಾಣುತ್ತದೆ. ಕಬ್ಬಿಣದ ಎರಡು ಫೋಟಾನ್ ಒಟ್ಟಿಗೆ ಬಿದ್ದರೆ 12.8 ಕೆಇವಿ, ಸೀಸದ ಒಂದು ಗೆರೆ 12.6ರಲ್ಲಿದೆ. ತುಕ್ಕು ಹಿಡಿದ ಮೊಳೆಯಲ್ಲಿ ಸೀಸ ಕಂಡೆ ಎಂದು ಯಾರಾದರೂ ಕುಣಿದರೆ ಮೊದಲು ಇದನ್ನು ಪರೀಕ್ಷಿಸಬೇಕು. ಹಾಗಾಗಿ ಕ್ಯಾಮೆರಾ ಸೆಕೆಂಡಿಗೆ ತಾಳಿಕೊಳ್ಳುವುದು ಹೆಚ್ಚೆಂದರೆ ನಾಲ್ಕೂವರೆ ಲಕ್ಷ ಫೋಟಾನ್. ಕೇಳಲು ದೊಡ್ಡದು, ಆದರೆ ಒಂದು ಹುಂಡಿಯ ಪಾಲಿಗೆ ಬರುವುದು ಆರೇಳು. ಐನೂರು ನಾಣ್ಯ ಸೇರಲು ಒಂದೂಕಾಲು ನಿಮಿಷ ಬೇಕು, ಆ ಐನೂರರಲ್ಲಿ ಶೇಕಡಾ ಒಂದು ಮಾತ್ರ ಕ್ಯಾಡ್ಮಿಯಂ ಆದರೆ ಕೈಗೆ ಸಿಗುವುದು ಐದು. ಐದರ ಮೇಲೆ ಯಾವ ತೀರ್ಮಾನವೂ ನಿಲ್ಲದು. ಆಗ ಅಕ್ಕಪಕ್ಕದ ಹುಂಡಿಗಳನ್ನು ಕೂಡಿಸುತ್ತೇವೆ, ಚಿತ್ರ ಮಸುಕಾಗುತ್ತದೆ, ಇಲ್ಲವೇ ಗಂಟೆಗಟ್ಟಲೆ ಕಾಯುತ್ತೇವೆ.

ಇನ್ನೊಂದು ತೊಂದರೆ ಹುಂಡಿಗಳ ನಡುವಿನ ಅಂಚು. ನಾಣ್ಯ ಅಂಚಿಗೆ ಬಡಿದು ಒಡೆದರೆ ಅರ್ಧ ಈ ಕಡೆ, ಅರ್ಧ ಆ ಕಡೆ ಬೀಳುತ್ತದೆ. ಚಿನ್ನದ ಒಂದು ಫೋಟಾನ್ ಎರಡು ಸಣ್ಣ ಸುಳ್ಳು ಫೋಟಾನ್ ಆಗುತ್ತದೆ. ಹಿಂದೆ ಇಂಥವನ್ನು ಎಸೆಯುತ್ತಿದ್ದರು. ಆಮೇಲೆ ಅಕ್ಕಪಕ್ಕದ ತುಂಡುಗಳನ್ನು ಕೂಡಿಸಿ ಪೂರ್ತಿ ತೂಕ ಪಡೆಯುವುದನ್ನು ಕಲಿತರು. ನನಗೆ ಬಹಳ ಇಷ್ಟವಾಗುವ ಬೆಳವಣಿಗೆ ಬಂದದ್ದು ಅದರ ನಂತರ. ಯಾವ ಕಡೆ ಎಷ್ಟು ತುಂಡು ಬಿತ್ತು ಎಂಬ ಪ್ರಮಾಣದಿಂದ ನಾಣ್ಯ ಅಂಚಿನ ಯಾವ ಬಿಂದುವಿಗೆ ಬಡಿಯಿತು ಎಂದೇ ಲೆಕ್ಕ ಹಾಕಬಹುದು. ಅಂದರೆ ಹುಂಡಿಯ ಅಗಲಕ್ಕಿಂತ ಸೂಕ್ಷ್ಮವಾದ ಚಿತ್ರ! ದೋಷವೆಂದು ಎಸೆದದ್ದೇ ಕಣ್ಣನ್ನು ಚುರುಕು ಮಾಡಿತು.

ಮಸೂರದ ಮಾತು ಬೇಗ ಮುಗಿಸುತ್ತೇನೆ. ಕ್ಷ-ಕಿರಣವನ್ನು ಗಾಜಿನ ಮಸೂರ ಬಾಗಿಸುವುದಿಲ್ಲ. ಹಾಗಾಗಿ ಎರಡು ಉಪಾಯ. ಒಂದು ಸೂಜಿರಂಧ್ರ: ಮಧ್ಯಾಹ್ನ ಬಾಗಿಲ ಸಂದಿಯ ಸಣ್ಣ ತೂತಿನಿಂದ ಹೊರಗಿನ ತೆಂಗಿನ ಮರ ತಲೆಕೆಳಗಾಗಿ ಒಳಗಿನ ಗೋಡೆಯ ಮೇಲೆ ಬೀಳುತ್ತದಲ್ಲ, ಅದೇ. ಅಗ್ಗ, ಆದರೆ ಬರುವ ಕಿರಣಗಳಲ್ಲಿ ಬಹುಪಾಲು ತಗಡಿಗೆ ಬಡಿದು ನಷ್ಟ. ಇನ್ನೊಂದು ಗಾಜಿನ ನಳಿಗೆಗಳ ಕಟ್ಟು. ಕೂದಲಿಗಿಂತ ಸಪೂರದ ಲಕ್ಷಾಂತರ ಟೊಳ್ಳು ನಳಿಗೆಗಳು, ಒಳಗೋಡೆಗೆ ಜಾರಿದಂತೆ ತಗುಲುತ್ತ ಕಿರಣ ಮುಂದೆ ಸಾಗುತ್ತದೆ. ಕಟ್ಟನ್ನು ಶಂಕುವಿನ ಆಕಾರ ಮಾಡಿ ಆರು ಪಟ್ಟು ಹಿಗ್ಗಿಸಿದರೆ 48 ಮೈಕ್ರಾನಿನ ಹುಂಡಿ ವಸ್ತುವಿನ ಮೇಲೆ 8 ಮೈಕ್ರಾನ್ ನೋಡುತ್ತದೆ.

ಪುಣೆಯ ಪ್ರಯೋಗಾಲಯವೊಂದರಲ್ಲಿ ನಾವು ಕೆಲವರು ಸೇರಿ ಸೂಜಿರಂಧ್ರದ ಕ್ಯಾಮೆರಾ ಕಟ್ಟಿದ್ದೆವು. ಟಂಗ್‌ಸ್ಟನ್ ತಗಡಿನಲ್ಲಿ ತೂತು, ಹಿಂದೆ ತಣ್ಣಗೆ ಇಟ್ಟ ಸಿಸಿಡಿ ಎಂಬ ಸಿಲಿಕಾನ್ ಸಂವೇದಕ. ನೋಡಲು ಆರಿಸಿಕೊಂಡದ್ದು ಬೀದರಿನ ಬಿದರಿ ಕೆಲಸದ ಒಂದು ಗುಂಡಿ: ಸತುವಿನ ಮೈ, ಜೊತೆಗೆ ಸ್ವಲ್ಪ ತಾಮ್ರ, ಕಪ್ಪು ಮಾಡಿದ ಮೇಲ್ಮೈಯಲ್ಲಿ ಬೆಳ್ಳಿಯ ಹೂಬಳ್ಳಿ. ಸತುವಿನ ನಕ್ಷೆ ಮೊದಲು ಬಂತು. ಜೂನಿನ ಮೊದಲ ಮಳೆ ಒಣ ತಾರಸಿಯ ಮೇಲೆ ಬೀಳುವುದನ್ನು ನೋಡಿದ್ದೀರಲ್ಲ, ಅಲ್ಲೊಂದು ಹನಿ, ಇಲ್ಲೊಂದು ಹನಿ, ಅರ್ಥವಿಲ್ಲದ ಚುಕ್ಕೆಗಳು. ಹತ್ತು ನಿಮಿಷವಾಗುವಾಗ ದುಂಡಗಿನ ಆಕಾರ, ಅರ್ಧ ಗಂಟೆಗೆ ಆಕಾರದೊಳಗೆ ಖಾಲಿ ಬಿಟ್ಟ ಹೂವು. ಬೆಳ್ಳಿ ಇರುವಲ್ಲಿ ಸತುವಿಲ್ಲ. ಬೀದರಿನ ಕುಶಲಕರ್ಮಿ ಉಳಿಯಿಂದ ತೋಡಿದ ಜಾಗವೇ ಅದು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಬೆಳ್ಳಿಯ ನಕ್ಷೆ ತೆಗೆಯುವಾಗ ಎಡವಿದೆವು. ನಮ್ಮ ತೆಳು ಸಿಸಿಡಿಗೆ ಬೆಳ್ಳಿಯ 22 ಕೆಇವಿ ಕಿರಣ ನಿಲ್ಲುವುದಿಲ್ಲ, ಪಾರಾಗಿ ಹೋಗುತ್ತದೆ. ಅದಕ್ಕೆ ಬೆಳ್ಳಿಯ ಇನ್ನೊಂದು ಗೆರೆ, 2.98ರದ್ದು, ಹಿಡಿದೆವು. ಹೂಬಳ್ಳಿಯೇನೋ ಕಂಡಿತು, ಆದರೆ ಸುತ್ತ ಎಲ್ಲ ಕಡೆಗೂ ಬೆಳ್ಳಿಯ ಮಂಜು. ಸತುವಿಗೂ ಬೆಳ್ಳಿ ಬೆರೆಸಿದ್ದಾರೆ ಎಂದು ಒಬ್ಬರು ವಾದ ಕಟ್ಟಿಯೇ ಬಿಟ್ಟರು. ಮರುದಿನ ಗುಂಡಿಯನ್ನೇ ತೆಗೆದಿಟ್ಟು ನೋಡಿದರೆ ಮಂಜು ಹಾಗೆಯೇ ಇತ್ತು! ಅದು ಬೆಳ್ಳಿಯಲ್ಲ, ಗಾಳಿ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ ಒಂದರಷ್ಟು ಆರ್ಗಾನ್ ಇದೆ, ಅದರ ಗೆರೆ 2.96ರಲ್ಲಿ. ಎರಡರ ಅಂತರ 0.03 ಕೆಇವಿಗಿಂತ ಕಡಿಮೆ, ನಮ್ಮ ಕ್ಯಾಮೆರಾ ಬೇರ್ಪಡಿಸಬಲ್ಲದ್ದು 0.15ರ ಆಸುಪಾಸು. ಕ್ಯಾಮೆರಾ ಮತ್ತು ಗುಂಡಿಯ ನಡುವೆ ಹೀಲಿಯಂ ಹರಿಸಿದೆವು, ಮಂಜು ಕರಗಿ ಬಳ್ಳಿ ಉಳಿಯಿತು. ವಸ್ತುವನ್ನು ತೆಗೆದಿಟ್ಟು ಖಾಲಿ ಜಾಗದ ಫೋಟೋ ಮೊದಲು ತೆಗೆಯಬೇಕು ಎಂದು ನಾನು ಅಂದಿನಿಂದ ಪ್ರತಿ ವಿದ್ಯಾರ್ಥಿಗೂ ಹೇಳುತ್ತ ಬಂದಿದ್ದೇನೆ. ನಿಮ್ಮ ಮಗಳಿಗೂ ಹೇಳಿ.

ಹಾಗಾದರೆ ನಿಮ್ಮ ಸರದ ಕ್ಯಾಡ್ಮಿಯಂ ನೋಡಲು ಯಾವ ಕ್ಯಾಮೆರಾ? 23 ಕೆಇವಿಗೆ ಸಿಲಿಕಾನ್ ಬಲಹೀನ. ಬರ್ಲಿನ್ ಕ್ಯಾಮೆರಾದ 450 ಮೈಕ್ರಾನ್ ದಪ್ಪದ ಹಲಗೆಯೂ ನಾಲ್ಕರಲ್ಲಿ ಒಂದು ಫೋಟಾನ್ ಹಿಡಿದೀತು, ಮಿಕ್ಕವು ದಾಟಿ ಹೋಗುತ್ತವೆ. ಹೆಚ್ಚು ಭಾರದ ಪರಮಾಣುಗಳ ಹಲಗೆ ಬೇಕು. ಇಂಗ್ಲೆಂಡಿನ ರದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದವರ ಹೆಕ್ಸಿಟೆಕ್ ಎಂಬ ಸಂವೇದಕದಲ್ಲಿ ಒಂದು ಮಿಲಿಮೀಟರ್ ದಪ್ಪದ ಕ್ಯಾಡ್ಮಿಯಂ ಟೆಲ್ಯೂರೈಡ್ ಹರಳು, 80ಕ್ಕೆ 80 ಹುಂಡಿ, ಒಂದೊಂದೂ ಕಾಲು ಮಿಲಿಮೀಟರ್. 23 ಕೆಇವಿಯ ಫೋಟಾನ್ ಬಹುತೇಕ ಎಲ್ಲವೂ ಅಲ್ಲಿ ನಿಲ್ಲುತ್ತವೆ. ಆದರೆ ಹೆಸರು ಗಮನಿಸಿ: ಹರಳಿನಲ್ಲೇ ಕ್ಯಾಡ್ಮಿಯಂ ಇದೆ! 26.7 ಕೆಇವಿ ದಾಟಿದ ಯಾವ ಕಿರಣ ಬಿದ್ದರೂ ಹರಳಿನ ಕ್ಯಾಡ್ಮಿಯಮ್ಮೇ ಪ್ರತಿದೀಪಿಸುತ್ತದೆ, ಆ 23 ಕೆಇವಿಯ ಕಿರಣ ಪಕ್ಕದ ಹುಂಡಿಗೆ ಹೋಗಿ ಬೀಳುತ್ತದೆ. ಸಾಕ್ಷಿ ಹೇಳಬೇಕಾದವನೇ ಆರೋಪಿಯ ವೇಷದಲ್ಲಿ ಬಂದ ಹಾಗೆ. ಇದನ್ನು ಲೆಕ್ಕದಿಂದ ಕಳೆಯಬಹುದು, ಪಕ್ಕದ ಎರಡು ಹುಂಡಿಗಳಲ್ಲಿ ಒಂದೇ ಗಳಿಗೆಗೆ ಬಿದ್ದದ್ದನ್ನು ಜೋಡಿಸಿ. ಆದರೆ ಜೋಡಿಸುವ ಕೆಲಸ ಸರಿಯಾಗದಿದ್ದರೆ ಸರದ ಪ್ರತಿ ಕಾಸಿನಲ್ಲೂ ಕ್ಯಾಡ್ಮಿಯಂ ಕಾಣುತ್ತದೆ.

ಇತ್ತೀಚಿನ ಓಟ ವೇಗದ ಕಡೆಗೆ. ಹೆಕ್ಸಿಟೆಕ್‌ನ ಹೊಸ ರೂಪ ಸೆಕೆಂಡಿಗೆ ಹತ್ತು ಲಕ್ಷ ಸಲ ಹುಂಡಿ ತೆರೆಯುತ್ತದೆ. ಜಿನೀವಾದ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನವರ ಟೈಂಪಿಕ್ಸ್ ಚಿಪ್ಪುಗಳು ಇನ್ನೊಂದು ಹಾದಿ ಹಿಡಿದಿವೆ: ಎಲ್ಲವನ್ನೂ ತೆರೆಯುವುದೇಕೆ, ನಾಣ್ಯ ಬಿದ್ದ ಹುಂಡಿಯೇ ಗಂಟೆ ಬಾರಿಸಲಿ. ತೂಕದ ನಿಖರತೆಯಲ್ಲಿ ಅವು ಹಿಂದೆ, ವೇಗದಲ್ಲಿ ಮುಂದೆ. ಸಿಂಕ್ರೋಟ್ರಾನುಗಳಲ್ಲಿ ಚುಕ್ಕೆ ವಿಧಾನವೂ ಸುಮ್ಮನೆ ಕೂತಿಲ್ಲ. ಬ್ರೂಕ್‌ಹೇವನ್ ಎಂಬ ಅಮೆರಿಕದ ಪ್ರಯೋಗಾಲಯ ಮತ್ತು ಆಸ್ಟ್ರೇಲಿಯಾದವರು ಕಟ್ಟಿದ ಮಾಯಾ ಎಂಬ ಸಂವೇದಕದಲ್ಲಿ 384 ತುಂಡುಗಳು ಒಂದೇ ಚುಕ್ಕೆಯನ್ನು ಸುತ್ತುವರಿದು ನೋಡುತ್ತವೆ, ಹಾಗಾಗಿ ಒಂದು ಚುಕ್ಕೆಗೆ ಸೆಕೆಂಡಿನ ಸಾವಿರದ ಒಂದು ಭಾಗವಿದ್ದರೂ ಸಾಕಾಗುತ್ತದೆ. ಕ್ಯಾಮೆರಾ ಬಂತು, ಚುಕ್ಕೆ ಹೋಯಿತು ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ದೊಡ್ಡ ಚಿತ್ರಕ್ಕೆ, ಅತಿ ಕಡಿಮೆ ಇರುವ ಧಾತುವಿಗೆ ಚುಕ್ಕೆಯೇ ಮೇಲು. ಸಣ್ಣ ವಸ್ತುವಿಗೆ, ಕಣ್ಣೆದುರೇ ಬದಲಾಗುವ ವಸ್ತುವಿಗೆ ಕ್ಯಾಮೆರಾ.

ಝವೇರಿ ಬಜಾರಿಗೆ ಇದು ಬರುತ್ತದೆಯೇ ಎಂದರೆ, ಸದ್ಯಕ್ಕೆ ಬರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಚಿನ್ನದಿಂದ ಹೊರಬರುವ 9.71 ಕೆಇವಿ ಕಿರಣವನ್ನು ಚಿನ್ನವೇ ನುಂಗಿಬಿಡುತ್ತದೆ. ನಾಲ್ಕು ಮೈಕ್ರಾನ್ ದಾಟುವಷ್ಟರಲ್ಲಿ ಮೂರನೇ ಒಂದಕ್ಕೆ ಇಳಿಯುತ್ತದೆ, ಹತ್ತು ಮೈಕ್ರಾನಿನ ಕೆಳಗಿನ ಸುದ್ದಿ ಮೇಲಕ್ಕೆ ಬರುವುದೇ ಇಲ್ಲ ಎನ್ನಬಹುದು. ತಲೆಗೂದಲು ಇದರ ಐದಾರು ಪಟ್ಟು ದಪ್ಪ. ಒಳಗೆ ಏನು ತುಂಬಿದ್ದಾರೆ ಎಂದು ಚುಕ್ಕೆಯೂ ಹೇಳದು, ಎಷ್ಟೇ ದುಬಾರಿ ಕ್ಯಾಮೆರಾವೂ ಹೇಳದು. ನಮ್ಮ ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜುವ ಮೊದಲು ಅರದಿಂದ ಸ್ವಲ್ಪ ಉಜ್ಜಿ ಒಳಗಿನ ಲೋಹ ಹೊರತರುತ್ತಿದ್ದರು. ಆ ಜಾಣತನ ಮಷಿನ್ನಿಗಿಲ್ಲ.

ಇದರ ಬದಲು ನನ್ನ ಮನಸ್ಸು ಹೋಗುವುದು ಗೋವಾದ ಕಡೆಗೆ. 1981ರ ಜನವರಿ 26ರಂದು, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಗವೇಷಣಿ ಹಡಗು ಸಮುದ್ರತಳದಿಂದ ಮ್ಯಾಂಗನೀಸ್ ಗಡ್ಡೆಗಳನ್ನು ಭಾರತದ ಮಟ್ಟಿಗೆ ಮೊದಲ ಬಾರಿಗೆ ಮೇಲೆತ್ತಿತು. ಆಲೂಗಡ್ಡೆಯಂಥ ಕಪ್ಪು ಉಂಡೆ. ಕೊಯ್ದರೆ ಈರುಳ್ಳಿಯ ಹಾಗೆ ಪದರ ಪದರ, ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆದದ್ದು. ಯಾವ ಪದರದಲ್ಲಿ ಮ್ಯಾಂಗನೀಸ್, ಯಾವುದರಲ್ಲಿ ಕಬ್ಬಿಣ, ನಿಕ್ಕಲ್ ತಾಮ್ರ ಎಲ್ಲಿ ಸೇರಿಕೊಂಡವು ಎಂಬುದು ಆ ಸಮುದ್ರದ ದಿನಚರಿ. ಕ್ಯಾಮೆರಾಗೆ ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಬೇಕೆ? ಆದರೆ ಇಲ್ಲೂ ಒಂದು ಕೊಕ್ಕೆ: ಮ್ಯಾಂಗನೀಸಿನ ಎರಡನೆಯ ಗೆರೆ 6.49ರಲ್ಲಿದೆ, ಕಬ್ಬಿಣದ ಮೊದಲ ಗೆರೆ 6.40ರಲ್ಲಿ. ಕ್ಯಾಮೆರಾ ಎರಡನ್ನೂ ಒಂದೇ ಗುಡ್ಡವಾಗಿ ನೋಡುತ್ತದೆ, ಮ್ಯಾಂಗನೀಸಿನ ಪದರವೆಲ್ಲ ಕಬ್ಬಿಣದಂತೆ ತೋರುತ್ತದೆ. ಬಿಡಿಸುವ ದಾರಿ ಇದೆ. ಮ್ಯಾಂಗನೀಸಿನ ಎರಡನೆಯ ಗೆರೆ ಯಾವಾಗಲೂ ಮೊದಲ ಗೆರೆಯ ಶೇಕಡಾ 13–14ರಷ್ಟು ಇರುತ್ತದೆ, ಮೊದಲ ಗೆರೆಯನ್ನು ಅಳೆದು ಅಷ್ಟನ್ನು ಕಬ್ಬಿಣದಿಂದ ಕಳೆಯಬೇಕು.

ನಿಮ್ಮ ಮಗಳು ಕಲಿಯಬೇಕಾದದ್ದು ಇದನ್ನೇ, ಗೆರೆ ಬಿಡಿಸುವ ಕೆಲಸವನ್ನು. ಅದಕ್ಕೆ ಕ್ಯಾಮೆರಾ ಕೊಳ್ಳಬೇಕಿಲ್ಲ. ಫ್ರಾನ್ಸಿನ ಗ್ರೆನೋಬಲ್ ಸಿಂಕ್ರೋಟ್ರಾನಿನವರ ಪೈಎಂಸಿಎ ಎಂಬ ತಂತ್ರಾಂಶ ಉಚಿತ, ಇವತ್ತು ರಾತ್ರಿಯೇ ಹಾಸ್ಟೆಲಿನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು. ಅಭ್ಯಾಸಕ್ಕೆ ಅಂಕಿಅಂಶವೂ ನಮ್ಮದೇ ಇದೆ. 2019ರಲ್ಲಿ ಹಾರಿದ ಚಂದ್ರಯಾನ-2ರಲ್ಲಿ ಕ್ಲಾಸ್ ಎಂಬ ಉಪಕರಣವಿದೆ, ಕಟ್ಟಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ. ಅದಕ್ಕೆ ಎಕ್ಸ್‌ರೇ ಕೊಳವೆ ಇಲ್ಲ, ಸೂರ್ಯನೇ ಕೊಳವೆ! ಸೂರ್ಯನ ಮೇಲೆ ಜ್ವಾಲೆ ಎದ್ದಾಗ ಬರುವ ಕ್ಷ-ಕಿರಣ ಚಂದ್ರನ ನೆಲಕ್ಕೆ ಬಡಿದು, ನೆಲದ ಮೆಗ್ನೀಸಿಯಂ, ಅಲ್ಯುಮಿನಿಯಂ, ಸಿಲಿಕಾನ್, ಕ್ಯಾಲ್ಸಿಯಂ ಪ್ರತಿದೀಪಿಸುತ್ತವೆ. ನೂರು ಕಿಲೋಮೀಟರ್ ಎತ್ತರದಿಂದ ಹನ್ನೆರಡೂವರೆ ಕಿಲೋಮೀಟರ್ ಚುಕ್ಕೆ ಚುಕ್ಕೆಯಾಗಿ ಅದು ನಕ್ಷೆ ಮಾಡುತ್ತದೆ. ನಿಮ್ಮ ಕಾಸಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಚುಕ್ಕೆಗೂ ಅದಕ್ಕೂ ಭೌತಶಾಸ್ತ್ರ ಒಂದೇ. ಬ್ಯಾಲಾಳುವಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರ ಅದನ್ನು ಪ್ರದಾನ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಕೊಡುತ್ತದೆ. ಮುಂದೆ ಸಿಂಕ್ರೋಟ್ರಾನ್ ನೋಡುವ ಆಸೆಯಾದರೆ ಇಂದೋರಿನಲ್ಲಿ ಇಂಡಸ್-2 ಇದೆ, ಅದರ 16ನೆಯ ಬೀಮ್‌ಲೈನ್ ಇದೇ ಕೆಲಸಕ್ಕೆ. ಇಂಡಸ್-2 ಇರುವ ಕೇಂದ್ರಕ್ಕೆ ನಮ್ಮ ತುಮಕೂರು ಜಿಲ್ಲೆಯವರಾದ ಅಣುವಿಜ್ಞಾನಿ ರಾಜಾ ರಾಮಣ್ಣನವರ ಹೆಸರಿದೆ.

ಒಂದು ಎಚ್ಚರಿಕೆ ಮಾತ್ರ. ಈಗ ಕೆಲವೇ ಫೋಟಾನುಗಳಿರುವ ಮಸುಕು ನಕ್ಷೆಯನ್ನು ಎಐ ಬಳಸಿ ನುಣುಪು ಮಾಡುವ ಪದ್ಧತಿ ಜೋರಾಗಿದೆ. ಅದರಿಂದ ಸಮಯ ಉಳಿಯುವುದು ನಿಜ. ಆದರೆ ಐದು ಫೋಟಾನ್ ಇದ್ದಲ್ಲಿ ಐನೂರು ಇದ್ದಂತೆ ತೋರಿಸಿದ ಚಿತ್ರ ನೋಡಿ ಯಾರೂ ಪ್ರಬಂಧ ಬರೆಯಬಾರದು. ನುಣುಪು ಚಿತ್ರದ ಪಕ್ಕದಲ್ಲಿ ಎಣಿಸಿದ ಫೋಟಾನುಗಳ ಒರಟು ಚಿತ್ರವನ್ನೂ ಅಚ್ಚುಮಾಡಬೇಕು. ಈ ವಿಷಯದಲ್ಲಿ ನಾನು ಹಟಮಾರಿ.

ಈಗ ಸರಕ್ಕೆ ಬರೋಣ. ಮಸ್ಜಿದ್ ಸ್ಟೇಷನ್ನಿನಲ್ಲಿಳಿದು ಅದೇ ಅಂಗಡಿಗೆ ಹೋಗಬೇಕಿಲ್ಲ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರುವ ಪರೀಕ್ಷಾ ಕೇಂದ್ರಕ್ಕೆ ಒಯ್ಯಿರಿ. ಪ್ಲಸ್ ಗುರುತು ಕಾಸಿನ ಮುಖದ ಚಪ್ಪಟೆ ಜಾಗದ ಮೇಲೆ ಬೀಳುವಂತೆ ನೀವೇ ನಿಂತು ನೋಡಿ. ಉಬ್ಬಿನ ಮೇಲೆ, ಅಂಚಿನ ಮೇಲೆ ಬಿದ್ದರೆ ಅಂಕಿ ಜಾರುತ್ತದೆ. ನಾಲ್ಕೈದು ಬೇರೆ ಬೇರೆ ಕಾಸುಗಳನ್ನು ನೋಡಿಸಿ, ಆಮೇಲೆ ಬೆಸುಗೆಗಳನ್ನು ಬೇರೆಯಾಗಿ ನೋಡಿಸಿ ಬರೆದಿಡಿ. ಚೀಟಿಯ ಅಂಕಿಗಳು ಕೂಡಿದರೆ ಸರಿಯಾಗಿ ನೂರು ಬರುತ್ತದಲ್ಲ, ಅದು ಮಷಿನ್ನೇ ನೂರಕ್ಕೆ ಹೊಂದಿಸಿದ್ದು. ಅದರ ಪಟ್ಟಿಯಲ್ಲಿ ಇಲ್ಲದ ಧಾತು ನಿಮ್ಮ ಸರದಲ್ಲಿದ್ದರೆ ಉಳಿದವರು ಅದರ ಪಾಲು ಹಂಚಿಕೊಂಡಿರುತ್ತಾರೆ. ಪೂರ್ತಿ ಖಾತ್ರಿ ಬೇಕಾದರೆ ಚೂರು ಕತ್ತರಿಸಿ ಕುಲುಮೆಗೆ ಹಾಕುವ ಪರೀಕ್ಷೆಯೇ ಬೇಕು. ಮಾರುವ ಉದ್ದೇಶವಿಲ್ಲದಿದ್ದರೆ ಅಜ್ಜಿಯ ಕಾಸಿಗೆ ಕತ್ತರಿ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ.

ಮದುವೆಗೆ ಮುಂಚೆ ಸವೆದ ಕೊಂಡಿಗಳನ್ನು ಬಿಗಿ ಮಾಡಿಸುವುದಾದರೆ ಒಂದು ಮಾತು ಮರೆಯಬೇಡಿ. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ಚಿನ್ನ ಕರಗುವುದು 1,064ಕ್ಕೆ. ಹಳೆಯ ಬೆಸುಗೆಗೆ ಉರಿ ಹಿಡಿದ ಕ್ಷಣದಲ್ಲಿ ಆ ಹೊಗೆ ಬಗ್ಗಿ ಕೂತ ಆಚಾರಿಯವರ ಮುಖಕ್ಕೇ ಬರುತ್ತದೆ, ಶ್ವಾಸಕೋಶವನ್ನು ಸುಡುತ್ತದೆ. ನಿಮ್ಮ ಎರಡನೆಯ ಚೀಟಿಯನ್ನು ಅವರಿಗೆ ತೋರಿಸಿ, ಯಾವ ಕೊಂಡಿ ಎಂದು ಬೆರಳಿಟ್ಟು ಹೇಳಿ. ಕಿಟಕಿ ತೆರೆದು, ಫ್ಯಾನ್ ಹೊರಮುಖವಾಗಿಟ್ಟು, ಹೊಸ ಬೆಸುಗೆಗೆ ಕ್ಯಾಡ್ಮಿಯಂ ಇಲ್ಲದ್ದನ್ನೇ ಬಳಸಲು ಕೇಳಿಕೊಳ್ಳಿ.